ಎಂಜಿನ್ ಇಲ್ಲದ ಆರು ನಿಮಿಷ

ಬ್ಯಾಡಗಿಯಲ್ಲಿ ಫೆಬ್ರವರಿ-ಮಾರ್ಚ್ ಅಂದ್ರೆ ಮೆಣಸಿನಕಾಯಿ ಸುಗ್ಗಿ. ಕಣದ ತುಂಬ ಕೆಂಪು, ಮೂಗಿನ ತುಂಬ ಘಾಟು. ಮಧ್ಯಾಹ್ನ ತಲೆ ಎತ್ತಿದ್ರೆ ಹದ್ದುಗಳು ರೆಕ್ಕೆ ಬಡಿಯದೇ ಸುತ್ತು ಹಾಕ್ತಿರುತ್ತವೆ. ನಾನು ಗ್ಲೈಡರ್ ಹತ್ತೋಕೆ ಪುಣೆಯ ಹಡಪ್ಸರ್‌ಗೆ ಹೊರಟಾಗ ಅಜ್ಜ ಕೇಳಿದ್ದು ಒಂದೇ ಮಾತು: “ತಮ್ಮಾ, ಎಂಜಿನ್ ಇಲ್ಲಂದ್ರ ಅದು ಬೀಳಂಗಿಲ್ಲೇನು?”

“ಬೀಳಂಗಿಲ್ಲ ಅಜ್ಜಾ” ಅಂದೆ. ಅದು ತಪ್ಪು ಉತ್ತರ. ಗ್ಲೈಡರ್ ಸದಾ ಬೀಳ್ತಾನೇ ಇರುತ್ತೆ, ಆದರೆ ತುಂಬಾ ನಿಧಾನವಾಗಿ.

ಇಳಿಜಾರಿನಲ್ಲಿ ಪೆಡಲ್ ತುಳಿಯದೇ ಸೈಕಲ್ ಬಿಟ್ಟಂತೆ ಇದು. ಮೂತಿ ಸ್ವಲ್ಪ ಕೆಳಗಿದ್ದರೆ ಗುರುತ್ವಾಕರ್ಷಣೆಯೇ ವೇಗ ಕೊಡುತ್ತದೆ, ಆ ವೇಗದಿಂದ ಉದ್ದನೆಯ ರೆಕ್ಕೆಗೆ ಲಿಫ್ಟ್ ಸಿಗುತ್ತದೆ. ಲಿಫ್ಟನ್ನು ಡ್ರ್ಯಾಗ್‌ನಿಂದ ಭಾಗಿಸಿದರೆ ಬರೋದೇ ಗ್ಲೈಡ್ ರೇಶಿಯೋ. ಅದು 30 ಅಂತಿಟ್ಕೊಳ್ಳಿ. ಹಾವೇರಿ ಮೇಲೆ 1 ಕಿ.ಮೀ. ಎತ್ತರದಲ್ಲಿದ್ದರೆ, ಗಾಳಿ ಅಲುಗಾಡದಿದ್ದರೆ, ನೇರ ದಾರಿಯಲ್ಲಿ ಸುಮಾರು 30 ಕಿ.ಮೀ. ದೂರದ ರಾಣೆಬೆನ್ನೂರಿನ ಹತ್ತಿರ ಇಳಿಯಬಹುದು. ಗಂಟೆಗೆ 90 ಕಿ.ಮೀ. ವೇಗದಲ್ಲಿ 20 ನಿಮಿಷದ ದಾರಿ. ಸೆಕೆಂಡಿಗೆ ಇಳಿಯೋದು ಬರೀ 0.8 ಮೀಟರ್.

ಹಾಗಾದ್ರೆ ಗಂಟೆಗಟ್ಟಲೆ ಹಾರೋದು ಹೇಗೆ? ಅದು ಹದ್ದಿನ ವಿದ್ಯೆ. ಬಿಸಿಲಿಗೆ ಒಣ ಕಣ, ಬರೀ ಎರೆಹೊಲ ಬೇಗ ಕಾಯುತ್ತವೆ. ಪಕ್ಕದ ಕೆರೆ, ಹಸಿರು ಗದ್ದೆ ಅಷ್ಟು ಕಾಯಲ್ಲ. ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇರುತ್ತದೆ. ಇದೇ ಥರ್ಮಲ್. ಗಾಳಿ ಸೆಕೆಂಡಿಗೆ 2 ಮೀಟರ್ ಏರ್ತಿದ್ದು, ಅದರೊಳಗೆ ಸುತ್ತುವ ಗ್ಲೈಡರ್ 1 ಮೀಟರ್ ಇಳೀತಿದ್ದರೆ, ನೆಲದಿಂದ ನೋಡುವವರಿಗೆ ಅದು 1 ಮೀಟರ್ ಏರಿದ ಹಾಗೆ. ಹದಿನೇಳು ನಿಮಿಷಕ್ಕೆ 1 ಕಿ.ಮೀ. ಎತ್ತರ, ಒಂದು ಹನಿ ಪೆಟ್ರೋಲ್ ಇಲ್ಲದೇ!

ನನ್ನ ಕಥೆ ಬೇರೆ. ವಿಂಚ್ ಉಕ್ಕಿನ ಹಗ್ಗವನ್ನು ಎಳೆದದ್ದೇ ತಡ, ಬೆನ್ನು ಸೀಟಿಗೆ ಅಂಟಿತು, ಕಣ್ಣೆದುರು ಬರೀ ಆಕಾಶ. ಸುಮಾರು 300 ಮೀಟರ್‌ನಲ್ಲಿ “ಟಕ್” ಅಂತ ಹಗ್ಗ ಕಳಚಿತು. ಆಮೇಲೆ ಗಾಳಿಯ ಸುಯ್ಯೆನ್ನುವ ಸದ್ದು ಮಾತ್ರ. ಏರಿಳಿತ ತೋರಿಸುವ ವೇರಿಯೋಮೀಟರ್ ಒಮ್ಮೆ ಬೀಪ್ ಅಂದಿತು. ಹಿಂದಿನ ಸೀಟಿನ ಪೈಲಟ್ ಸುತ್ತು ಹಾಕಿದರು. ಥರ್ಮಲ್ ಕೈಗೆ ಸಿಗಲಿಲ್ಲ. ಇನ್ನೊಂದು ಸುತ್ತು ನೋಡೋಣ ಅನ್ನೋಷ್ಟರಲ್ಲಿ ಅವರು ರನ್‌ವೇ ಕಡೆ ತಿರುಗಿಸಿಯೇಬಿಟ್ಟರು.

ನನಗೆ ಬೇಜಾರಾಯ್ತು. 300 ಮೀಟರ್ ಇಂಟು 30, ಇನ್ನೂ ಎಷ್ಟೋ ದೂರ ಹೋಗಬಹುದಿತ್ತಲ್ಲ! ಆದರೆ ನನ್ನ ಲೆಕ್ಕದಲ್ಲಿ ಎದುರುಗಾಳಿ ಇರಲಿಲ್ಲ, ಕೆಳಗಿಳಿಯುವ ಗಾಳಿ ಇರಲಿಲ್ಲ, ರನ್‌ವೇಗೆ ಸುತ್ತಿ ಬರಲು ಬೇಕಾದ ಎತ್ತರವೂ ಇರಲಿಲ್ಲ. ಗ್ಲೈಡರ್‌ಗೆ ಲ್ಯಾಂಡಿಂಗ್‌ನಲ್ಲಿ ಎರಡನೇ ಚಾನ್ಸ್ ಇಲ್ಲ. ಎತ್ತರವೇ ಅದರ ಪೆಟ್ರೋಲ್. ಖಾಲಿಯಾಗೋ ಮುಂಚೆಯೇ ವಾಪಸ್ ತಿರುಗಬೇಕು.

ಊರಿಗೆ ಬಂದು ಅಜ್ಜನಿಗೆ ಸರಿಯಾದ ಉತ್ತರ ಹೇಳಿದೆ: “ಬೀಳ್ತೈತಿ ಅಜ್ಜಾ. ಎಲ್ಲಿ ಇಳೀಬೇಕು ಅಂತ ಮೊದಲ ನೋಡ್ಕೊಂಡಿರಬೇಕು.”

ಅಜ್ಜ ಕಣದ ಮೇಲಿನ ಆಕಾಶ ನೋಡಿದರು. “ಬಿಸಲು ಇಳದ್ರ ಹದ್ದೂ ಗಿಡಾ ಹಿಡೀತೈತಿ ಬಿಡು” ಅಂದರು.