ಕೋಟೆ ಬಾಗಿಲಿನ ಗಡಿಯಾರ

ಊರಿಗೊಂದೇ ಗಡಿಯಾರ ಸಾಕಾಗಿದ್ದ ಕಾಲವೊಂದಿತ್ತು. ಕೈಗಡಿಯಾರ ಕಟ್ಟಿದವರು ವಿರಳ. ಗೋಡೆ ಗಡಿಯಾರವಿದ್ದ ಮನೆಯವರು ಸ್ಥಿತಿವಂತರು. ಉಳಿದವರೆಲ್ಲ ಪೇಟೆಯ ಗೋಪುರದತ್ತ ಕತ್ತೆತ್ತಿ ನೋಡಬೇಕು, ಇಲ್ಲವೇ ಅದರ ಗಂಟೆಗೆ ಕಿವಿಗೊಡಬೇಕು. ಇಂಥ ಗೋಪುರಗಳು ಹೆಚ್ಚಾಗಿ ಊರ ಹೆಬ್ಬಾಗಿಲು, ಪೇಟೆ, ಕಚೇರಿಗಳ ಬಳಿ ಎದ್ದವು. ಜನರ ಅನುಕೂಲವೊಂದೇ ಇದಕ್ಕೆ ಕಾರಣವಲ್ಲ. ಊರಿಗೆಲ್ಲ ಹೊತ್ತು ಹೇಳುವವರು ಯಾರು ಎಂಬುದು ಅಧಿಕಾರದ ಪ್ರಶ್ನೆಯೂ ಹೌದು.

ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದಲ್ಲಿ ಕಾರ್ತಹೇನ ಎಂಬ ರೇವುಪಟ್ಟಣವಿದೆ. 1533ರಲ್ಲಿ ಸ್ಪೇನಿನವರು ಸ್ಥಾಪಿಸಿದ ಈ ಊರಿನ ಕೋಟೆಯ ಮುಖ್ಯ ದ್ವಾರದ ಮೇಲೆಯೇ ಗಡಿಯಾರ ಗೋಪುರ ನಿಂತಿದೆ. ಬಾಗಿಲು ದಾಟಿದೊಡನೆ ಸಿಗುವ ಚೌಕದಲ್ಲಿ ಹಿಂದೆ ಆಫ್ರಿಕಾದಿಂದ ತಂದ ಗುಲಾಮರನ್ನು ಮಾರುತ್ತಿದ್ದರು. ಗೋಪುರದ ಈಗಿನ ರೂಪ 1888ರದು. ಸ್ಪೇನಿನ ಆಳ್ವಿಕೆ ಮುಗಿದ ಮೇಲಿನದು. ಬಾಗಿಲು ಅದೇ, ಯಜಮಾನರು ಬೇರೆ.

ನಮ್ಮ ಕರಾವಳಿಯೂ ಇಂಥ ಚರಿತ್ರೆಗೆ ಹೊರತಲ್ಲ. ತಲ್ಲೂರಿಗೆ ಸಮೀಪದ ಬಸರೂರನ್ನು 1569ರಲ್ಲಿ ಪೋರ್ಚುಗೀಸರು ಹಿಡಿದಿದ್ದರು. ಅಲ್ಲಿ ಅಂಥ ಗೋಪುರವಿಲ್ಲ. ಕೋಟೆಯ ಬಳಿಯ ಗಡಿಯಾರ ನೋಡಲು ನಾವು ಘಟ್ಟ ಹತ್ತಿ ಮೈಸೂರಿಗೆ ಹೋಗಬೇಕು.

ಮೈಸೂರು ಅರಸರ ಊರಾದರೂ ಅವರ ಮೇಲೆ ಬ್ರಿಟಿಷರ ಅಧಿಕಾರವಿತ್ತು. ಆ ಇಬ್ಬಗೆಯ ಸ್ಥಿತಿಯನ್ನು ಅಲ್ಲಿನ ಎರಡು ಗಡಿಯಾರಗಳೇ ತೋರಿಸುತ್ತವೆ. ದೇವರಾಜ ಮಾರುಕಟ್ಟೆಯ ಬಳಿಯ ಚಿಕ್ಕ ಗಡಿಯಾರ, 1886ರಲ್ಲಿ ವೈಸರಾಯ್ ಡಫರಿನ್ ಬಂದುಹೋದ ನೆನಪಿನದು. ಕೋಟೆಯ ಉತ್ತರ ದ್ವಾರದಿಂದ ಹೊರಬಂದು ಸ್ವಲ್ಪ ನಡೆದರೆ, ಪುರಭವನದ ಹತ್ತಿರ ದೊಡ್ಡ ಗಡಿಯಾರ ಸಿಗುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರ ವಹಿಸಿಕೊಂಡು 25 ವರ್ಷ ತುಂಬಿದ 1927ರಲ್ಲಿ, ಅರಮನೆಯ ನೌಕರರ ಕಾಣಿಕೆಯ ನೆರವಿನಿಂದ ಎದ್ದ ಗೋಪುರವಿದು. ಎತ್ತರ ಸುಮಾರು 75 ಅಡಿ.

ಇದರ ವಿಶೇಷ ಎತ್ತರದಲ್ಲಿಲ್ಲ, ಮುಖದಲ್ಲಿದೆ. ಅಲ್ಲಿರುವುದು ರೋಮನ್ ಅಂಕಿಗಳಲ್ಲ. ೧ರಿಂದ ೧೨ರವರೆಗಿನ ಕನ್ನಡ ಅಂಕಿಗಳು. ಯಂತ್ರದ ವಿದ್ಯೆ ಯುರೋಪಿನದು. ಹೊತ್ತು ಓದುವ ಭಾಷೆ ಊರಿನವರದು.

ಹಾಗೆ ನೋಡಿದರೆ ಗಡಿಯಾರ ಎಂಬ ಪದಕ್ಕೂ ಮೂಲ ನಮ್ಮ 'ಘಟಿಕೆ'ಯೇ. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುತ್ತಿದ್ದರು. ಅದು ತುಂಬಿ ಮುಳುಗಿದರೆ ಒಂದು ಘಳಿಗೆ, ಅಂದರೆ 24 ನಿಮಿಷ. ದಿನಕ್ಕೆ 60 ಘಳಿಗೆ. ಆದರೆ ಆ ಎಣಿಕೆ ಆಯಾ ಊರಿನ ಸೂರ್ಯೋದಯದಿಂದ ಶುರುವಾಗುತ್ತಿತ್ತು. ಒಂದೂರಿನ ಹೊತ್ತು ಇನ್ನೊಂದಕ್ಕೆ ಹೊಂದಬೇಕೆಂಬ ಅಗತ್ಯವಿರಲಿಲ್ಲ. ರೈಲು, ತಂತಿ ಬಂದ ಮೇಲೆ ಅದು ನಡೆಯದಾಯಿತು. 1906ರಲ್ಲಿ ಭಾರತೀಯ ಪ್ರಮಾಣಿತ ಕಾಲ ಜಾರಿಗೆ ಬಂತು. ಅದಕ್ಕೆ ಆಧಾರ ಪೂರ್ವದ 82.5 ಡಿಗ್ರಿ ರೇಖಾಂಶ. ನಾವು ಅದಕ್ಕಿಂತ ಪಶ್ಚಿಮದಲ್ಲಿರುವುದರಿಂದ ಮೈಸೂರಿನಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ 12 ಗಂಟೆ 23 ನಿಮಿಷಕ್ಕೆ. ಕುಂದಾಪುರ, ತಲ್ಲೂರುಗಳಲ್ಲಿ 12 ಗಂಟೆ 31 ನಿಮಿಷಕ್ಕೆ. ನಮ್ಮ ಗಡಿಯಾರ ತೋರಿಸುವುದು ನಮ್ಮ ಸೂರ್ಯನ ಹೊತ್ತನ್ನಲ್ಲ, ಎಲ್ಲರೂ ಒಪ್ಪಿಕೊಂಡ ಹೊತ್ತನ್ನು.

ಇಂದು ಪ್ರತಿಯೊಬ್ಬರ ಕಿಸೆಯಲ್ಲೂ ಗಡಿಯಾರವಿದೆ. ಗೋಪುರ ನಿಂತುಹೋದರೆ ಯಾರ ಬಸ್ಸೂ ತಪ್ಪುವುದಿಲ್ಲ. ಆದ್ದರಿಂದಲೇ ಅಪಾಯ. ಉಪಯೋಗ ತಪ್ಪಿದ ಕಟ್ಟಡವನ್ನು ಮರೆಯುವುದು ಸುಲಭ. ಮಂಗಳೂರಿನ ಹಂಪನಕಟ್ಟೆಯ ಹಳೆಯ ಗಡಿಯಾರ ಗೋಪುರವನ್ನು 1990ರ ದಶಕದಲ್ಲಿ ಕೆಡವಲಾಯಿತು. ಆದರೂ ಜನ ಆ ಜಾಗವನ್ನು 'ಕ್ಲಾಕ್ ಟವರ್' ಎಂದೇ ಕರೆಯುತ್ತಿದ್ದರು. ಕೊನೆಗೆ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಅಲ್ಲಿ ಹೊಸ ಗೋಪುರವನ್ನೇ ಕಟ್ಟಬೇಕಾಯಿತು. ಮೈಸೂರಿನ ಚಿಕ್ಕ ಗಡಿಯಾರದ ಆಸುಪಾಸಿನಲ್ಲೇ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಹಾನಿಯಾಯಿತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ದೊಡ್ಡ ಗಡಿಯಾರದಲ್ಲೂ ಬಿರುಕು ಕಾಣಿಸಿಕೊಂಡಿತ್ತು. ಹೊಸದನ್ನು ಕಟ್ಟಬಹುದು, 1927ರ ನೌಕರರ ಕಾಣಿಕೆಯನ್ನು ಮತ್ತೆ ಕಟ್ಟಲಾಗದು.

ಮುಂದಿನ ಬಾರಿ ಮೈಸೂರಿಗೆ ಹೋದಾಗ ಅರಮನೆಯ ದೀಪಗಳನ್ನು ನೋಡಿ ಹಾಗೆಯೇ ಬಸ್ಸು ಹತ್ತಬೇಡಿ. ಹತ್ತು ನಿಮಿಷ ಬಿಡುವು ಮಾಡಿಕೊಂಡು ಗೋಪುರದ ಕೆಳಗೆ ನಿಂತು, ಅಲ್ಲಿನ ಹೊತ್ತನ್ನು ಮಕ್ಕಳಿಂದ ಕನ್ನಡ ಅಂಕಿಯಲ್ಲೇ ಓದಿಸಿ.