ಲಿಂಗತ್ವ ಅಲ್ಪಸಂಖ್ಯಾತರ ಆರೋಗ್ಯ ಸಂಶೋಧನೆ: ಭಾಗವಹಿಸುವ ಮುನ್ನ ತಿಳಿದಿರಬೇಕಾದ ಅಂಶಗಳು

ಮಾಸಾಶನ, ಗುರುತಿನ ಚೀಟಿ, ಚಿಕಿತ್ಸೆ ಮುಂತಾದ ಸೌಲಭ್ಯಗಳನ್ನು ಕೋರಿ ಬರುವ ಲಿಂಗತ್ವ ಅಲ್ಪಸಂಖ್ಯಾತರನ್ನು ಆರೋಗ್ಯ, ಕೌಟುಂಬಿಕ ಸಂಬಂಧ ಹಾಗೂ ಮನೋಕ್ಷೇಮ ಕುರಿತ ಅಧ್ಯಯನಗಳಲ್ಲಿ ಭಾಗವಹಿಸುವಂತೆ ಸಂಶೋಧಕರು ಕೋರುವುದುಂಟು. ಇಂತಹ ಸಂದರ್ಭದಲ್ಲಿ ಅರ್ಜಿದಾರರಿಗಿರುವ ಹಕ್ಕುಗಳನ್ನು ಈ ಕೆಳಗೆ ವಿವರಿಸಲಾಗಿದೆ.

ಸಂಶೋಧನೆಯ ಅಗತ್ಯ

2011ರ ಜನಗಣತಿಯಲ್ಲಿ ಪ್ರಥಮ ಬಾರಿಗೆ ಗಂಡು ಮತ್ತು ಹೆಣ್ಣು ಎಂಬುದರೊಂದಿಗೆ 'ಇತರೆ' ಎಂದು ದಾಖಲಿಸಲು ಅವಕಾಶ ಕಲ್ಪಿಸಲಾಯಿತು. ಆಗ ದೇಶದಲ್ಲಿ 4,87,803 ಹಾಗೂ ಕರ್ನಾಟಕದಲ್ಲಿ 20,266 ಮಂದಿ ಈ ವರ್ಗದಲ್ಲಿ ದಾಖಲಾದರು. ಅವಮಾನದ ಭಯದಿಂದ ಗುರುತನ್ನು ಮರೆಮಾಚಿದವರು ಈ ಲೆಕ್ಕದಲ್ಲಿ ಸೇರಿಲ್ಲ. ಸರಿಯಾದ ಮಾಹಿತಿಯಿಲ್ಲದೆ ಔಷಧಿ, ಹಾಸಿಗೆ, ಆಪ್ತಸಮಾಲೋಚಕರು ಮುಂತಾದ ವ್ಯವಸ್ಥೆಯನ್ನು ಯೋಜಿಸುವುದು ಕಷ್ಟಸಾಧ್ಯ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ (ಹಕ್ಕುಗಳ ಸಂರಕ್ಷಣೆ) ಕಾಯ್ದೆಯ 15ನೇ ಪ್ರಕರಣವು ಈ ಸಮುದಾಯದ ಆರೋಗ್ಯ ಸಮಸ್ಯೆಗಳಿಗೆ ಅನುಗುಣವಾಗಿ ವೈದ್ಯಕೀಯ ಪಠ್ಯಕ್ರಮ ಹಾಗೂ ಸಂಶೋಧನೆಯನ್ನು ಪರಿಷ್ಕರಿಸುವ ಹೊಣೆಯನ್ನು ಸರ್ಕಾರಕ್ಕೆ ವಹಿಸಿತು.

ಸಂಶೋಧನೆಯಿಂದ ದೃಷ್ಟಿಕೋನವೂ ಬದಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ, 2022ರ ಜನವರಿ 1ರಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದ 11ನೇ ಪರಿಷ್ಕರಣೆಯಲ್ಲಿ ಈ ವಿಷಯವನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದು, ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಸೇರಿಸಲಾಗಿದೆ.

ಸಂಶೋಧನೆ ಬೇರೆ, ಸೌಲಭ್ಯ ಬೇರೆ

ಸಂಶೋಧನೆಯ ಪ್ರಶ್ನಾವಳಿಯು ಅರ್ಜಿ ನಮೂನೆಯ ಭಾಗವಲ್ಲ. ಭಾಗವಹಿಸಲು ನಿರಾಕರಿಸಿದ ಕಾರಣಕ್ಕೆ ಮಾಸಾಶನವನ್ನಾಗಲಿ, ಚಿಕಿತ್ಸೆಯನ್ನಾಗಲಿ ತಡೆಹಿಡಿಯುವಂತಿಲ್ಲ. ಒಪ್ಪಿದವರಿಗೆ ಆದ್ಯತೆ ನೀಡುವುದಾಗಿ ಆಮಿಷ ಒಡ್ಡುವುದೂ ಸರಿಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2017ರಲ್ಲಿ ಹೊರಡಿಸಿದ ರಾಷ್ಟ್ರೀಯ ನೈತಿಕ ಮಾರ್ಗಸೂಚಿಗಳು ಲೈಂಗಿಕ ಅಲ್ಪಸಂಖ್ಯಾತರನ್ನು ವಿಶೇಷ ರಕ್ಷಣೆ ಅಗತ್ಯವಿರುವ ವರ್ಗಗಳಲ್ಲಿ ಸೇರಿಸಿವೆ.

ಸಮ್ಮತಿ ನೀಡುವ ಮುನ್ನ

1. ಅಧ್ಯಯನದ ಉದ್ದೇಶ, ತಗಲುವ ಸಮಯ, ಸಂಭವನೀಯ ತೊಂದರೆ ಹಾಗೂ ಪ್ರಯೋಜನಗಳನ್ನು ತಮಗೆ ತಿಳಿಯುವ ಭಾಷೆಯಲ್ಲಿ ವಿವರಿಸುವಂತೆ ಕೇಳತಕ್ಕದ್ದು. ಓದಲು ಬಾರದವರಿಗೆ ನಿಷ್ಪಕ್ಷಪಾತ ಸಾಕ್ಷಿಯ ಸಮ್ಮುಖದಲ್ಲಿ ಓದಿ ಹೇಳಬೇಕು.

2. ಅಧ್ಯಯನಕ್ಕೆ ನೈತಿಕ ಸಮಿತಿಯ (ಎಥಿಕ್ಸ್ ಕಮಿಟಿ) ಅನುಮೋದನೆ ದೊರೆತಿದೆಯೇ ಎಂದು ವಿಚಾರಿಸತಕ್ಕದ್ದು. ಈ ಸಮಿತಿಯ ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರಬೇಕು. ವೈದ್ಯರಲ್ಲದ ಸಾಮಾನ್ಯ ನಾಗರಿಕರೂ ಸದಸ್ಯರಾಗಿರಬೇಕು. ದೂರು ನೀಡಲು ಸಮಿತಿಯ ಸಂಪರ್ಕ ವಿವರವನ್ನು ಮಾಹಿತಿ ಪತ್ರದಲ್ಲಿ ನಮೂದಿಸಿರಬೇಕು.

3. ಮಾಹಿತಿ ಪತ್ರ ಹಾಗೂ ಸಹಿ ಮಾಡಿದ ಸಮ್ಮತಿ ಪತ್ರದ ಪ್ರತಿಯನ್ನು ಪಡೆದು ಇಟ್ಟುಕೊಳ್ಳತಕ್ಕದ್ದು.

4. ಗುರು, ಜಮಾತಿನ ಹಿರಿಯರು ಅಥವಾ ಸಂಘದ ಪದಾಧಿಕಾರಿಗಳು ಒಪ್ಪಿದ ಮಾತ್ರಕ್ಕೆ ಚೇಲಾಗಳೂ ಸದಸ್ಯರೂ ಒಪ್ಪಿದಂತಾಗುವುದಿಲ್ಲ. ವಯಸ್ಕರಾದ ಪ್ರತಿಯೊಬ್ಬರ ಸಮ್ಮತಿಯೂ ಪ್ರತ್ಯೇಕವಾಗಿರಬೇಕು.

ಗೋಪ್ಯತೆ

ಅನೇಕರ ಗುರುತು ತವರಿನವರಿಗೆ, ಮನೆ ಮಾಲೀಕರಿಗೆ ಅಥವಾ ಕೆಲಸದ ಸ್ಥಳದಲ್ಲಿ ತಿಳಿದಿರುವುದಿಲ್ಲ. ಒಂದು ಹೆಸರು ಅಥವಾ ಭಾವಚಿತ್ರ ಹೊರಬಿದ್ದರೂ ಇರುವ ಮನೆ, ಮಾಡುವ ಕೆಲಸ ಎರಡೂ ಕೈತಪ್ಪಬಹುದು. ಆದ್ದರಿಂದ ಹೆಸರಿನ ಬದಲು ಸಂಕೇತ ಸಂಖ್ಯೆಯನ್ನು ಬಳಸಲಾಗುವುದೇ, ಧ್ವನಿಮುದ್ರಣವನ್ನು ಯಾರು ಕೇಳುವರು, ಅದನ್ನು ಎಂದು ಅಳಿಸಲಾಗುವುದು ಎಂಬುದನ್ನು ಮೊದಲೇ ಕೇಳಿ ತಿಳಿಯಬೇಕು. ಸಂಗಾತಿಯ ಅಥವಾ ಕುಟುಂಬದವರ ಬಗ್ಗೆ ಪ್ರಶ್ನಿಸಿದಾಗ ಅವರ ಹೆಸರನ್ನು ಹೇಳುವ ಅಗತ್ಯವಿಲ್ಲ. ಊರು, ವೃತ್ತಿ, ವಯಸ್ಸು ಇವು ಒಟ್ಟಾಗಿ ಪ್ರಕಟವಾದಲ್ಲಿ ಹೆಸರಿಲ್ಲದೆಯೂ ವ್ಯಕ್ತಿಯ ಗುರುತು ಹತ್ತಬಹುದೆಂಬುದನ್ನು ಗಮನದಲ್ಲಿಡಬೇಕು.

ಎಚ್.ಐ.ವಿ. ಪರೀಕ್ಷೆಗೆ ಸಂಬಂಧಿಸಿದಂತೆ, 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ 2017ರ ಎಚ್.ಐ.ವಿ. ಮತ್ತು ಏಡ್ಸ್ (ತಡೆಗಟ್ಟುವಿಕೆ ಮತ್ತು ನಿಯಂತ್ರಣ) ಕಾಯ್ದೆಯನ್ವಯ ತಿಳಿದು ನೀಡಿದ ಸಮ್ಮತಿ ಅವಶ್ಯಕ. ಪರೀಕ್ಷೆಗೆ ಮುನ್ನ ಹಾಗೂ ನಂತರ ಆಪ್ತಸಮಾಲೋಚನೆ ನೀಡತಕ್ಕದ್ದು.

ಮಧ್ಯದಲ್ಲಿ ಹಿಂದೆ ಸರಿಯುವ ಹಕ್ಕು

ಯಾವುದೇ ಪ್ರಶ್ನೆಗೆ ಉತ್ತರಿಸದಿರಲು ಹಾಗೂ ಕಾರಣ ನೀಡದೆ ಅಧ್ಯಯನದಿಂದ ಹೊರಬರಲು ಅವಕಾಶವಿದೆ. ಮನೆಯಿಂದ ಹೊರಹಾಕಲ್ಪಟ್ಟ ದಿನಗಳು, ಅನುಭವಿಸಿದ ಹಿಂಸೆ, ಆತ್ಮಹತ್ಯೆಯ ಆಲೋಚನೆ ಇವುಗಳನ್ನು ನೆನೆಯುವಾಗ ಮನಸ್ಸು ಕಲಕುವುದು ಸಹಜ. ಅಂತಹ ಸಮಯದಲ್ಲಿ ಸಂದರ್ಶನವನ್ನು ನಿಲ್ಲಿಸುವಂತೆ ಹೇಳಬಹುದು. ಮಾನಸಿಕ ನೆರವಿಗಾಗಿ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದಾಗಿದೆ.

ಲಿಂಗತ್ವ ಗುರುತನ್ನು 'ಸರಿಪಡಿಸುವ' ಚಿಕಿತ್ಸೆಯನ್ನು ಸಂಶೋಧನೆಯ ಹೆಸರಿನಲ್ಲಿ ಯಾರಾದರೂ ಸೂಚಿಸಿದಲ್ಲಿ ಒಪ್ಪಬಾರದು. ಇಂತಹ ಚಿಕಿತ್ಸೆಯನ್ನು ವೃತ್ತಿ ದುರ್ನಡತೆಯೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ತಿಳಿಸಿದೆ.

ಭಾಗವಹಿಸುವವರ ಅನುಭವವು ಮುಂದೆ ಬರುವವರಿಗೆ ಉತ್ತಮ ಸೇವೆ ದೊರೆಯಲು ನೆರವಾಗಬಲ್ಲದು. ಆದರೆ ಅದನ್ನು ಹಂಚಿಕೊಳ್ಳುವ ನಿರ್ಧಾರವು ಸಂಪೂರ್ಣವಾಗಿ ಅವರದೇ ಆಗಿರುತ್ತದೆ. ಎಲ್ಲ ಅರ್ಜಿದಾರರು ಮೇಲ್ಕಂಡ ಅಂಶಗಳನ್ನು ತಿಳಿದುಕೊಂಡು, ಓದಲು ಬಾರದ ತಮ್ಮ ಸಂಗಡಿಗರಿಗೂ ತಿಳಿಸುವಂತೆ ಕೋರಲಾಗಿದೆ.