ತೋಟದ ಮದ್ದು, ಆಸ್ಪತ್ರೆಯ ಮದ್ದು

ಹಟ್ಟಿಗೊಬ್ಬರದ ರಾಶಿ ಕೆದಕುವಾಗ, ಹಳೆಯ ಬೈಹುಲ್ಲು ಕೊಡವುವಾಗ ಏಳುವ ಧೂಳಿನಲ್ಲಿ ಬೂಷ್ಟಿನ ಬೀಜಕಣಗಳೂ ಇರುತ್ತವೆ. ಕೊಳೆಯುವ ಸೊಪ್ಪು, ಗೊಬ್ಬರಗಳಲ್ಲಿ ಬೆಳೆಯುವ ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಎಂಬ ಬೂಷ್ಟು ಅವುಗಳಲ್ಲೊಂದು. ಉಸಿರಿನೊಂದಿಗೆ ಅದು ದಿನವೂ ನಮ್ಮೊಳಗೆ ಹೋಗುತ್ತದೆ. ಆರೋಗ್ಯವಂತರಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಕ್ಷಯರೋಗ ಗುಣವಾದರೂ ಶ್ವಾಸಕೋಶದಲ್ಲಿ ಪೊಳ್ಳು ಉಳಿದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಮೂತ್ರಪಿಂಡದ ಕಸಿ ಮಾಡಿಸಿಕೊಂಡವರು ಮುಂತಾದವರ ಶ್ವಾಸಕೋಶದಲ್ಲಿ ಅದು ಬೇರೂರಿ ಪ್ರಾಣಕ್ಕೇ ಅಪಾಯ ತರಬಹುದು.

ಇದಕ್ಕೆ ವೈದ್ಯರು ಕೊಡುವ ಮುಖ್ಯ ಔಷಧಿಗಳು ಇಟ್ರಾಕೊನಜೋಲ್ ಮತ್ತು ವೊರಿಕೊನಜೋಲ್. ಅಡಿಕೆಯ ಎಲೆಚುಕ್ಕಿ ರೋಗಕ್ಕೆ ನಾವು ಸಿಂಪಡಿಸುವ ಪ್ರೊಪಿಕೊನಜೋಲ್, ಟೆಬುಕೊನಜೋಲ್, ಭತ್ತಕ್ಕೆ ಹೊಡೆಯುವ ಹೆಕ್ಸಾಕೊನಜೋಲ್ ಇವೂ ಅದೇ ಕುಟುಂಬದವು. ಶಿಲೀಂಧ್ರವು ತನ್ನ ಜೀವಕೋಶದ ಪೊರೆ ಕಟ್ಟಿಕೊಳ್ಳಲು ಬೇಕಾದ ಒಂದು ಕೊಬ್ಬನ್ನು ತಯಾರಿಸದಂತೆ ತಡೆಯುವುದೇ ಇವೆಲ್ಲದರ ಕೆಲಸ.

ತೋಟದಲ್ಲಿ ಮದ್ದು ಬಿಟ್ಟಾಗ ನೆಲದ ಮೇಲಿನ ಆಸ್ಪರ್ಜಿಲಸ್‌ಗೂ ಅದು ತಗಲುತ್ತದೆ. ದುರ್ಬಲವಾದವು ಸಾಯುತ್ತವೆ, ತಾಳಿಕೊಂಡವು ಉಳಿದು ಹೆಚ್ಚುತ್ತವೆ. ಅವುಗಳ ಬೀಜಕಣ ಗಾಳಿಯಲ್ಲಿ ಹಾರಿ ರೋಗಿಯ ಶ್ವಾಸಕೋಶ ಸೇರಿದರೆ, ಅಂಥ ಗುಳಿಗೆಯನ್ನು ಹಿಂದೆಂದೂ ನುಂಗದವನಿಗೂ ಔಷಧಿ ನಾಟುವುದಿಲ್ಲ. ನೆದರ್ಲೆಂಡ್ಸ್ ದೇಶದ ರೋಗಿಗಳಲ್ಲಿ 1990ರ ದಶಕದ ಕೊನೆಯಿಂದಲೇ ಇಂಥ ಬೂಷ್ಟು ಕಂಡುಬಂದಿದೆ. ನಮ್ಮ ದೇಶದಲ್ಲಿಯೂ ಗದ್ದೆಯ ಮಣ್ಣು, ಚಹಾ ತೋಟ, ಹೂಕುಂಡಗಳಲ್ಲಿ ಇದು ಸಿಕ್ಕಿದ್ದು 2012ರಲ್ಲಿ ವರದಿಯಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿಯಲ್ಲಿ ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಮೊದಲ ದರ್ಜೆಯಲ್ಲಿದೆ.

ಹಾಗೆಂದು ಮದ್ದು ಬಿಡುವುದನ್ನೇ ನಿಲ್ಲಿಸಿ ತೋಟ ಕಳೆದುಕೊಳ್ಳಬೇಕೆಂದಲ್ಲ. ನಾವು ಮಾಡಬೇಕಾದದ್ದು ಇಷ್ಟು:

1. ರೋಗ ಯಾವುದೆಂದು ಕೃಷಿ ಅಧಿಕಾರಿಗಳಿಂದ ಖಚಿತಪಡಿಸಿಕೊಂಡು, ಹೇಳಿದ ಪ್ರಮಾಣದಲ್ಲಿ, ಹೇಳಿದಷ್ಟೇ ಸಲ ಸಿಂಪಡಿಸೋಣ. 'ಇರಲಿ' ಎಂದು ಹೆಚ್ಚಿಗೆ ಬೇಡ.

2. ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣವೇ ಸರಿ. ಅದು ತಾಮ್ರದ ಮದ್ದು, ಈ ಕುಟುಂಬದ್ದಲ್ಲ. ಕೊಳೆರೋಗದ ಮೇಲೆ ಕೊನಜೋಲ್ ಮದ್ದುಗಳಿಂದ ಪ್ರಯೋಜನವಿಲ್ಲ.

3. ಉಳಿದ ಮದ್ದನ್ನು ಗೊಬ್ಬರದ ಗುಂಡಿಗೆ ಸುರಿಯಬಾರದು.

4. ಗೊಬ್ಬರ ಕೆದಕುವಾಗ ಮೂಗು, ಬಾಯಿಗೆ ಮಾಸ್ಕ್ ಹಾಕಿಕೊಳ್ಳೋಣ. ಮೇಲೆ ಹೇಳಿದಂಥ ರೋಗಿಗಳು ಮನೆಯಲ್ಲಿದ್ದರೆ ಅವರಿಗೆ ಈ ಕೆಲಸ ಹೇಳಬಾರದು.

5. ಹಿಂದೆ ಕ್ಷಯ ಬಂದವರಿಗೆ ಬಿಡದ ಕೆಮ್ಮು, ತೂಕ ಇಳಿಯುವುದು, ಕಫದಲ್ಲಿ ರಕ್ತ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗಬೇಕು. ಕ್ಷಯ ಮರುಕಳಿಸಿತೆಂದು ನಾವೇ ತೀರ್ಮಾನಿಸುವುದು ಬೇಡ. ಕೃಷಿಕೆಲಸದ ವಿಷಯವನ್ನೂ ವೈದ್ಯರಿಗೆ ತಿಳಿಸೋಣ.